ಅದು ಸುಮ್ನೆ ಬರ್ಕಂಡಿದ್ದು ಸರ್

(ದಾವಣಗೆರೆಯಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಕೊಂಡಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಜನ ಸೇರುವುದು ಬೆಣ್ಣೆದೋಸೆ ಹೋಟೆಲಿನ ಮುಂದೆ. ನೀವು ಭಾಷಣಕ್ಕೆ ಬಂದಿದ್ದೀರಿ. ತಿಂದೇ ಬಂದಿದ್ದೀರಿ ಅಂದುಕೊಳ್ಳುತ್ತೇನೆ, ಇಲ್ಲದಿದ್ದರೆ ಅರ್ಧಕ್ಕೇ ಏಳುತ್ತೀರಿ.

ಒಂದು ನೋಟ್‌ಬುಕ್ಕಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಜಗಳೂರು ಕಡೆಯ ಒಂದು ತಾಂಡಾದ ಹುಡುಗಿ ಇದ್ದಳು. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಕಲಿತದ್ದು ಶಾಲೆಗೆ ಬಂದ ಮೇಲೆ. ಬಿ.ಎ. ಮೊದಲ ವರ್ಷದ ಇಂಗ್ಲಿಷ್ ಪೇಪರನ್ನು ಹೆಂಗೋ ದಾಟಿದ್ದಳು. ಮುಂದಿನ ವರ್ಷ ನೋಡಿದರೆ ತರಗತಿಗೇ ಜಾಸ್ತಿ ಅಂಕ ಅವಳದ್ದು. ಕರೆದು ಕೇಳಿದೆ: "ಏನಮ್ಮ, ಇದು ಹೆಂಗಾಯ್ತು?"

"ನಿಮ್ಮ ಆಶೀರ್ವಾದ ಸರ್."

"ನನ್ನ ಆಶೀರ್ವಾದ ಎಲ್ಲರಿಗೂ ಇತ್ತಲ್ಲ. ಉಳಿದವರಿಗೆ ಯಾಕೆ ಬರಲಿಲ್ಲ?"

"ಪೇಪರ್ ಈಜಿ ಇತ್ತು ಸರ್. ಮತ್ತೆ ನಮ್ಮಪ್ಪ ಓದು ಓದು ಅಂತಿದ್ದ."

ಅವಳ ಕೈಯಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಇಸಿದುಕೊಂಡು ನೋಡಿದೆ. ಪ್ರತಿ ಪುಟಕ್ಕೂ ಗೆರೆ ಹೊಡೆದು ನಾಲ್ಕು ಮನೆ ಮಾಡಿದ್ದಳು. ಮೊದಲನೆಯದರಲ್ಲಿ ಲಂಬಾಣಿ ಮಾತು, ಕನ್ನಡ ಅಕ್ಷರದಲ್ಲಿ. ಪಕ್ಕದಲ್ಲಿ ಕನ್ನಡ. ಆಮೇಲೆ ಹಿಂದಿ. ಕೊನೆಗೆ ಇಂಗ್ಲಿಷ್. ಮೊದಲ ಪುಟದಿಂದ ಕೊನೆಯ ರಟ್ಟಿನವರೆಗೆ ಜಾಗವೇ ಇರಲಿಲ್ಲ. "ಇದೇನಮ್ಮ?" ಅಂದೆ. ಹುಡುಗಿ ನಾಚಿಕೊಂಡು ನೋಟ್‌ಬುಕ್ ವಾಪಸ್ ಎಳೆದುಕೊಂಡಳು. "ಅದು ಸುಮ್ನೆ ಬರ್ಕಂಡಿದ್ದು ಸರ್" ಅಂದಳು.

ಅವತ್ತಿನಿಂದ ಈ 'ಸುಮ್ನೆ' ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವಳ ಅಂಕಕ್ಕೆ ನಾನು ಕಾರಣ, ಅವಳಪ್ಪ ಕಾರಣ, ಪೇಪರ್ ತೆಗೆದವರು ಕಾರಣ. ಆ ನಾಲ್ಕು ಮನೆಯ ನೋಟ್‌ಬುಕ್ ಮಾತ್ರ ಸುಮ್ನೆ.

ಗೆದ್ದಾಗ, ಸೋತಾಗ ಜನ ತಮಗೆ ತಾವೇ ಏನು ಕಾರಣ ಹೇಳಿಕೊಳ್ಳುತ್ತಾರೆ ಅನ್ನುವುದೇ ಮನಃಶಾಸ್ತ್ರದಲ್ಲಿ ಒಂದು ದೊಡ್ಡ ವಿಷಯ. ಫ್ರಿಟ್ಜ್ ಹೈಡರ್ ಅನ್ನುವವರು 1958ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅದನ್ನು ಶಾಲೆ, ಪರೀಕ್ಷೆಯ ಕಡೆಗೆ ತಂದವರು ಅಮೆರಿಕದ ಬರ್ನಾರ್ಡ್ ವೀನರ್. ಮಕ್ಕಳು ಸಾಮಾನ್ಯವಾಗಿ ನಾಲ್ಕು ಕಾರಣ ಹೇಳುತ್ತಾರೆ ಅಂತ ಅವರು ಗುರುತಿಸಿದರು: ನನಗೆ ಬುದ್ಧಿ ಇದೆ, ನಾನು ಕಷ್ಟಪಟ್ಟೆ, ಪೇಪರ್ ಸುಲಭ ಇತ್ತು, ಅದೃಷ್ಟ ಚೆನ್ನಾಗಿತ್ತು. ಸೋತಾಗ ಇವೇ ತಿರುಗಾಮುರುಗಾ.

ನನಗೆ ಈ ಪಟ್ಟಿಗಿಂತ ಉಪಯೋಗ ಅನ್ನಿಸಿದ್ದು ವೀನರ್ ಪ್ರತಿ ಕಾರಣಕ್ಕೂ ಹಾಕುವ ಮೂರು ಪ್ರಶ್ನೆ. ಆ ಕಾರಣ ನನ್ನೊಳಗಿದೆಯೋ, ಹೊರಗಿದೆಯೋ? ಇವತ್ತಿಗಷ್ಟೇ ಇರುವುದೋ, ಯಾವಾಗಲೂ ಇರುವುದೋ? ನನ್ನ ಕೈಯಲ್ಲಿದೆಯೋ, ಇಲ್ಲವೋ? 'ಈ ಸಲ ಓದಲಿಲ್ಲ' ಅಂದುಕೊಂಡ ಹುಡುಗ ಮುಂದಿನ ಸಲ ಓದಬಹುದು. 'ನನ್ನ ತಲೆಗೆ ಹತ್ತಲ್ಲ' ಅಂದುಕೊಂಡವನು ಪುಸ್ತಕ ಯಾಕೆ ತೆಗೆಯುತ್ತಾನೆ? ತಲೆಯನ್ನಂತೂ ಬದಲಾಯಿಸಲಿಕ್ಕೆ ಆಗುವುದಿಲ್ಲವಲ್ಲ. ಇಬ್ಬರೂ ಫೇಲ್ ಆದದ್ದು ಅದೇ ಪೇಪರಿನಲ್ಲಿ.

ಇದೇ ಪುಸ್ತಕಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಮನುಷ್ಯ ಗೆದ್ದರೆ 'ನಾನೇ' ಅನ್ನುತ್ತಾನಂತೆ, ಸೋತರೆ ಬೇರೆಯವರ ಮೇಲೆ ಹಾಕುತ್ತಾನಂತೆ. ಓದಿದಾಗ ನನಗೆ ನಗು ಬಂತು. ನಮ್ಮ ಹುಡುಗಿ ಮಾಡಿದ್ದು ಇದರ ಉಲ್ಟಾ. ಗೆಲುವನ್ನು ಹಂಚಿಬಿಟ್ಟಳು. ಸೋಲನ್ನು ಏನು ಮಾಡುತ್ತಿದ್ದಳು ಗೊತ್ತಾ? ಮೊದಲ ವರ್ಷ ಕಡಿಮೆ ಅಂಕ ಬಂದಾಗ ಅವಳು ಹೇಳಿದ ಮಾತು ನನಗೆ ನೆನಪಿದೆ: "ಇಂಗ್ಲಿಷ್ ನಂಗೆ ಬರಂಗಿಲ್ಲ ಬಿಡ್ರಿ ಸರ್." ಸೋಲು ಪೂರ್ತಿ ಅವಳದ್ದೇ. ಅದರಲ್ಲಿ ಯಾರಿಗೂ ಪಾಲಿಲ್ಲ.

ಈ 'ಬರುವುದು' ಅನ್ನುವ ಮಾತನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ಭಾಷೆ ನಮಗೆ 'ಬರುತ್ತದೆ'. ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ಜ್ವರ ಬರುತ್ತದೆ, ಮಳೆ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಗಳೂರಿನವರಿಗೆ ಮಳೆಯ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತು. ಹಾಗಾದರೆ ನಮ್ಮ ವ್ಯಾಕರಣವೇ ಮಕ್ಕಳನ್ನು ಕೈಕಟ್ಟಿ ಕೂರಿಸಿದೆಯಾ? ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಮೇಲೆ ಒಂದು ದೊಡ್ಡ ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ.

ಅದನ್ನು ಕೆಡಿಸಿದ್ದು ನನ್ನ ತಮ್ಮ. ಅವನು ರೈತ. "ಅಲ್ಲಣ್ಣ, ಈಜೂ ಬರ್ತತಿ ಅಂತೀವಿ. ಬಾವಿಗೆ ಇಳೀದಂಗೆ ಯಾರಿಗರ ಬಂದತೇನು?" ಅಂದ. ಸರಿಯಾದ ಮಾತು. ಬೆನ್ನಿಗೆ ಬೆಂಡು ಕಟ್ಟಿ, ಬಾವಿಗೆ ದಬ್ಬಿ, ಮೂಗಿಗೆ ಬಾಯಿಗೆ ನೀರು ಹೋಗಿ, ಒಂದು ಬೇಸಿಗೆ ಪೂರ್ತಿ ಒದ್ದಾಡಿದ ಮೇಲೆ ನಾವು 'ಈಜು ಬಂತು' ಅಂದೆವು. ಸೈಕಲ್ ಬಂತು ಅನ್ನುವ ಮೊದಲು ಮೊಣಕಾಲಿನ ಚರ್ಮ ಎಷ್ಟು ಸಲ ಹೋಯಿತು? ಅಂದರೆ 'ಬರುತ್ತದೆ' ಅನ್ನುವ ಮಾತಿನ ಹಿಂದೆ ಬೇಕಾದಷ್ಟು ಒದ್ದಾಟ ಇರಬಹುದು. ಕನ್ನಡ ಅದನ್ನು ಎತ್ತಿ ಹೇಳುವುದಿಲ್ಲ, ಅಷ್ಟೇ. ಈಜಿನ ವಿಷಯದಲ್ಲಿ ಆ ಒದ್ದಾಟ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಇಂಗ್ಲಿಷ್ ಬಂದವನ ಒದ್ದಾಟವನ್ನು ನೋಡಿದವರು ಯಾರು? ಅವನು ನೋಟ್‌ಬುಕ್ ಮುಚ್ಚಿಟ್ಟಿದ್ದಾನೆ. ನೋಡುವವರಿಗೆ ಅದು ಆಕಾಶದಿಂದ ಬಂದ ಹಾಗೆ ಕಾಣುತ್ತದೆ. 'ಅವನ ನಾಲಿಗೆ ಮೇಲೆ ಸರಸ್ವತಿ ಇದ್ದಾಳೆ' ಅನ್ನುತ್ತೇವೆ. ಹಾಗಾದರೆ ಉಳಿದವರ ನಾಲಿಗೆ ಮೇಲೆ ಯಾರಿದ್ದಾರೆ?

ಮುಚ್ಚಿಡುವುದಕ್ಕೆ ಕಾರಣವೂ ಇದೆ. 'ನಾನು ಓದಿದೆ, ಅದಕ್ಕೇ ಬಂತು' ಅಂದರೆ ನಮ್ಮಲ್ಲಿ ಜಂಬ ಅನ್ನುತ್ತಾರೆ. ಅಜ್ಜಿ ಕೇಳಿಸಿಕೊಂಡರೆ ದೃಷ್ಟಿ ಆಗುತ್ತದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಪರೀಕ್ಷೆ ಹಾಲಿನ ಬಾಗಿಲಲ್ಲಿ ನಿಂತು ಕೇಳಿ. ರಾತ್ರಿ ಎರಡರವರೆಗೆ ಎದ್ದಿದ್ದ ಹುಡುಗಿಯೇ "ಏನೂ ಓದಿಲ್ಲ ಕಣೇ" ಅನ್ನುತ್ತಿರುತ್ತಾಳೆ. ಫೇಲಾದರೆ ಮರ್ಯಾದೆ ಉಳೀತು, ಪಾಸಾದರೆ ದೇವರು ದೊಡ್ಡವನು. ಎರಡೂ ಕಡೆ ಲಾಭ!

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಯನ ನಮ್ಮ ರಾಜ್ಯದಲ್ಲೇ ನಡೆದದ್ದು. ಜೋನ್ ಮಿಲ್ಲರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞೆ ಷಿಕಾಗೊದ ಜನರನ್ನೂ ಮೈಸೂರಿನ ಜನರನ್ನೂ ಹೋಲಿಸಿದರು. 1984ರಲ್ಲಿ ಅದು ಪ್ರಕಟವಾಯಿತು. ದೊಡ್ಡವರ ಜೊತೆಗೆ 8, 11, 15 ವರ್ಷದ ಮಕ್ಕಳನ್ನೂ ಮಾತಾಡಿಸಿದರು. ಕೇಳಿದ್ದು ಸರಳ. ನಿಮಗೆ ಗೊತ್ತಿರುವ ಒಬ್ಬರು ಮಾಡಿದ ಒಳ್ಳೆಯ ಕೆಲಸ ಹೇಳಿ, ಕೆಟ್ಟ ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಹೇಳಿ.

ಷಿಕಾಗೊದ ದೊಡ್ಡವರು ಜಾಸ್ತಿ ಹೇಳಿದ್ದು ಆ ಮನುಷ್ಯನ ಸ್ವಭಾವ. ಅವನು ಸ್ವಾರ್ಥಿ, ಅವಳು ಧಾರಾಳಿ, ಹೀಗೆ. ಮೈಸೂರಿನವರು ಜಾಸ್ತಿ ಹೇಳಿದ್ದು ಸಂದರ್ಭ. ಮನೆ ಪರಿಸ್ಥಿತಿ ಹಾಗಿತ್ತು, ಅವನು ಹಿರಿಮಗ, ಅವಳಿಗೆ ಆ ಜವಾಬ್ದಾರಿ ಇತ್ತು, ಹೀಗೆ. ಅದರಲ್ಲಿ ಒಬ್ಬ ವಕೀಲನ ಕಥೆ ಬರುತ್ತದೆ. ಬೈಕಿನಲ್ಲಿ ಹೋಗುವಾಗ ಟೈರ್ ಸಿಡಿದು, ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು, ಡಾಕ್ಟರನ್ನೂ ಮಾತಾಡಿಸದೆ ಕೋರ್ಟಿಗೆ ಹೋಗುತ್ತಾನೆ. ಪೆಟ್ಟಾದವನು ತೀರಿಕೊಳ್ಳುತ್ತಾನೆ. ಅಮೆರಿಕದವರಿಗೆ ಅಲ್ಲಿ ಕಂಡದ್ದು ಹೊಣೆಗೇಡಿ ಮನುಷ್ಯ. ನಮ್ಮವರು ಏನಂದರು? ಅವನು ವಕೀಲ, ಕಕ್ಷಿದಾರ ಕಾಯುತ್ತಿದ್ದ. ಗಾಬರಿಯಾಗಿರಬೇಕು. ಪೆಟ್ಟು ಅಷ್ಟು ದೊಡ್ಡದು ಅಂತ ಕಂಡಿರಲಿಕ್ಕಿಲ್ಲ. ಇದನ್ನು ಓದುವಾಗ ನನಗೆ ನಮ್ಮ ಸೋದರಮಾವನ ದನಿಯೇ ಕೇಳಿಸಿತು.

ಇನ್ನೂ ಗಮನಿಸಬೇಕಾದ್ದು ಮಕ್ಕಳ ವಿಷಯ. 8 ವರ್ಷದ ಷಿಕಾಗೊ ಮಗುವಿಗೂ 8 ವರ್ಷದ ಮೈಸೂರಿನ ಮಗುವಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ವಯಸ್ಸಾಗುತ್ತ ಹೋದ ಹಾಗೆ ಅಂತರ ದೊಡ್ಡದಾಯಿತು. ಮಾತು ಕಲಿತ ಹಾಗೇ ಕಾರಣ ಹೇಳುವುದನ್ನೂ ಮನೆಯಲ್ಲಿ, ಬೀದಿಯಲ್ಲಿ ಕಲಿಯುತ್ತೇವೆ ಅಂತಾಯಿತು.

ಆದ್ದರಿಂದ 'ನಿಮ್ಮ ಆಶೀರ್ವಾದ ಸರ್' ಅನ್ನುವುದನ್ನು ನಾನು ಮೂಢನಂಬಿಕೆ ಅಂತ ತೆಗೆದುಹಾಕುವುದಿಲ್ಲ. ಅದು ಅರ್ಧ ನಡವಳಿಕೆ. ಮನೆಗೆ ಬಂದವರಿಗೆ ನೀರು ಕೊಟ್ಟ ಹಾಗೆ. ಇನ್ನರ್ಧ ನಿಜವೇ. ವಿಲಿಯಮ್ಸ್, ಬರ್ಡನ್ ಮತ್ತು ಅಲ್-ಬಹರ್ನಾ ಅನ್ನುವ ಸಂಶೋಧಕರು ಬಹರೇನಿನಲ್ಲಿ ಇಂಗ್ಲಿಷ್ ಕಲಿಯುವವರನ್ನು ಕೇಳಿ 2001ರಲ್ಲಿ ಬರೆದರು. ಗೆದ್ದದ್ದಕ್ಕೆ ಅಲ್ಲಿನವರು ಹೆಚ್ಚಾಗಿ ಹೇಳಿದ್ದು ಅಭ್ಯಾಸ, ಮನೆಯವರ ಮತ್ತು ಮೇಷ್ಟ್ರ ಬೆಂಬಲ, ಭಾಷೆ ಕಿವಿಗೆ ಬೀಳುತ್ತಿದ್ದದ್ದು, ಕಲಿಯುವ ಮನಸ್ಸು. ಸೋತದ್ದಕ್ಕೆ ಪಾಠ ಮಾಡುವ ರೀತಿ ಸರಿ ಇರಲಿಲ್ಲ ಅನ್ನುವುದೂ ಇತ್ತು. ಮೂರು ವರ್ಷದ ನಂತರ ವಿಲಿಯಮ್ಸ್ ಮತ್ತು ಬರ್ಡನ್ ಇನ್ನಿಬ್ಬರ ಜೊತೆ ಇಂಗ್ಲೆಂಡಿನ 5 ಶಾಲೆಗಳ 285 ಮಕ್ಕಳನ್ನು ಕೇಳಿದ್ದನ್ನು ಪ್ರಕಟಿಸಿದರು. ಅವರು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕಲಿಯುತ್ತಿದ್ದ ಮಕ್ಕಳು. ಚೆನ್ನಾಗಿ ಮಾಡಿದ್ದಕ್ಕೇ 21ಕ್ಕೂ ಜಾಸ್ತಿ ಬಗೆಯ ಕಾರಣ ಸಿಕ್ಕವು. ವೀನರ್ ಅವರ ನಾಲ್ಕು ಡಬ್ಬಿ ಎಲ್ಲಿ ಸಾಕಾಗುತ್ತದೆ? ಮನೆಯವರ ಬೆಂಬಲ 'ಹೊರಗಿನದು' ಅಂತ ಒಂದು ಡಬ್ಬಿಗೆ ಹಾಕುವುದು ಸುಲಭ. ಆದರೆ ಆ ತಾಂಡಾದ ಹುಡುಗಿಗೆ ಅಪ್ಪ 'ಹೊರಗಿನವನು' ಹೆಂಗಾಗುತ್ತಾನೆ? ಮಗಳನ್ನು ಕಾಲೇಜಿಗೆ ಕಳಿಸಲಿಕ್ಕೆ ಅವನು ಕಬ್ಬು ಕಡಿಯಲು ಹೋಗುತ್ತಿದ್ದ.

ನನಗೆ ಹೆದರಿಕೆ ಇರುವುದು ಇನ್ನೊಂದು ಕಾರಣದ ಬಗ್ಗೆ. ಇಲ್ಲಿ ಕೂತ ಶಿಕ್ಷಕರೆಲ್ಲ ದಿನಕ್ಕೆ ಹತ್ತು ಸಲ ಕೇಳುವ ಮಾತು: "ನಾನು ಕನ್ನಡ ಮೀಡಿಯಂ ಸರ್."

ಗಮನಿಸಿ. 'ಕನ್ನಡ ಮೀಡಿಯಮ್ಮಿನಲ್ಲಿ ಓದಿದೆ' ಅನ್ನುವುದಿಲ್ಲ. 'ನಾನು ಕನ್ನಡ ಮೀಡಿಯಂ.' ಊರು, ಜಾತಿ ಹೇಳಿದ ಹಾಗೆ. ಶಾಲೆಯ ಮಾತು ಮೈಗೆ ಅಂಟಿಕೊಂಡಿದೆ. ವೀನರ್ ಅವರ ಮೂರು ಪ್ರಶ್ನೆ ಇದಕ್ಕೆ ಹಾಕಿ ನೋಡಿ. ಒಳಗಿನದೋ ಹೊರಗಿನದೋ? ಹೊರಗಿನಿಂದ ಬಂದು ಒಳಗಿನದಾಗಿದೆ. ಬದಲಾಗುತ್ತದಾ? ಇಲ್ಲ, ಹತ್ತು ವರ್ಷದ ಓದು ಮುಗಿದೇ ಹೋಗಿದೆ. ಕೈಯಲ್ಲಿದೆಯಾ? ಇಲ್ಲ, ಶಾಲೆಗೆ ಸೇರಿಸಿದ್ದು ಅಪ್ಪ. ಮೂರೂ ಬಾಗಿಲು ಬಂದ್. ಹಣೆಬರಹಕ್ಕಿಂತ ಗಟ್ಟಿ ಇದು. ಹಣೆಬರಹಕ್ಕಾದರೂ ಪರಿಹಾರ ಹೇಳುವ ಜೋಯಿಸರಿದ್ದಾರೆ!

ಇದರಲ್ಲೂ ನಿಜ ಇದೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಾಲಕ್ಕೆ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ. ಇಂಗ್ಲಿಷ್ ಪಿರಿಯಡ್ಡಿನಲ್ಲೂ ಕೇಳಿಸುತ್ತಿದ್ದದ್ದು ಕನ್ನಡವೇ. ಕಿವಿಗೆ ಬೀಳದ ಭಾಷೆ ಬಾಯಿಗೆ ಎಲ್ಲಿಂದ ಬರಬೇಕು? ಆದರೆ ಕಾರಣ ನಿಜವಾಗಿದ್ದರೂ ಅದನ್ನೇ ಗುರುತಿನ ಚೀಟಿ ಮಾಡಿಕೊಂಡರೆ ಮುಂದಿನ ದಾರಿ ಮುಚ್ಚುತ್ತದೆ. ಇದೇ ಹುಡುಗರು ಮೊಳಕಾಲ್ಮೂರಿನ ಕಡೆಯವರಾದರೆ ತೆಲುಗು ಬರುತ್ತದೆ. ದಾವಣಗೆರೆ ಪೇಟೆಯವರಾದರೆ ಉರ್ದು ಅರ್ಥವಾಗುತ್ತದೆ. ಹಿಂದಿ ಸಿನಿಮಾದಿಂದ ಹಿಂದಿ ಬರುತ್ತದೆ. ಎಪಿಎಂಸಿಗೆ ಹೋಗಿ, ಮೆಕ್ಕೆಜೋಳದ ಚೀಲ ಹೊರುವ ಹಮಾಲಿಯನ್ನು ಮಾತಾಡಿಸಿ. ನನಗೆ ಸಿಕ್ಕ ಒಬ್ಬರಿಗೆ ನಾಲ್ಕು ಭಾಷೆ ಬರುತ್ತಿತ್ತು. ಹೆಂಗೆ ಕಲಿತಿರಿ ಅಂದರೆ, "ತಿರಗಾಡ್ತಾ ತಿರಗಾಡ್ತಾ ಬಂತು" ಅಂದರು. ತೆಲುಗು ನನ್ನ ತಲೆಗೆ ಹತ್ತಲ್ಲ ಅಂತ ಅವರು ಯಾವತ್ತೂ ಅಂದವರಲ್ಲ. ತೆಲುಗಿಗೆ ಅಲ್ಲಿ ಅಂಕ ಇಲ್ಲ. ತಪ್ಪಾದರೆ ವ್ಯಾಪಾರಿ ನಕ್ಕು ಸರಿ ಮಾಡುತ್ತಾನೆ, ಲೋಡಿಂಗ್ ಮುಂದುವರಿಯುತ್ತದೆ. ಅಂಕ, ಪಾಸು, ಫೇಲು ಬಂದಲ್ಲಿ ಮಾತ್ರ 'ನನಗೆ ಯಾಕೆ ಬರಲ್ಲ' ಅನ್ನುವ ಪ್ರಶ್ನೆ ಹುಟ್ಟುವುದು. ಬರುವ ಮೂರು ಭಾಷೆ ಲೆಕ್ಕಕ್ಕಿಲ್ಲ. ಬರದ ಒಂದೇ ಲೆಕ್ಕ.

ನಗುವಿನ ಮಾತು ಬಂತಲ್ಲ, ಅಲ್ಲಿ ಒಂದು ಕಥೆ ಹೇಳಬೇಕು. ಹೆರಾಲ್ಡ್ ಸ್ಟೀವನ್ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಅಮೆರಿಕ, ಜಪಾನ್, ಚೀನಾ, ತೈವಾನಿನ ಮಕ್ಕಳ ಕಲಿಕೆಯನ್ನು ವರ್ಷಗಟ್ಟಲೆ ನೋಡಿದವರು. ಅಮೆರಿಕದ ತಾಯಂದಿರು ಹುಟ್ಟಿನಿಂದ ಬಂದ ಬುದ್ಧಿಗೆ ಜಾಸ್ತಿ ತೂಕ ಕೊಟ್ಟರೆ, ಪೂರ್ವದ ದೇಶಗಳಲ್ಲಿ ಶ್ರಮಕ್ಕೆ ಜಾಸ್ತಿ ತೂಕ ಅಂತ ಅವರಿಗೆ ಕಂಡಿತು. ಸ್ಟಿಗ್ಲರ್ ಜಪಾನಿನ ಒಂದು ನಾಲ್ಕನೇ ತರಗತಿಯ ಹಿಂದೆ ಕೂತಿದ್ದಾಗ ನಡೆದದ್ದಿದು. ಮೇಷ್ಟ್ರು ಕಾಗದದ ಮೇಲೆ ಘನಾಕೃತಿ ಬರೆಯುವುದನ್ನು ಕಲಿಸುತ್ತಿದ್ದರು. ಅದು ಬರದೆ ಒದ್ದಾಡುತ್ತಿದ್ದ ಹುಡುಗನನ್ನೇ ಬೋರ್ಡಿಗೆ ಕರೆದರು. ಹುಡುಗ ಬರೆದ, ತಪ್ಪಾಯಿತು. ಸರಿ ಇದೆಯಾ ಅಂತ ತರಗತಿಯನ್ನು ಕೇಳಿದರು. ಇಲ್ಲ ಅಂದರು. ಮತ್ತೆ ಬರೆದ. ಮತ್ತೆ ಇಲ್ಲ. ಪಿರಿಯಡ್ ಹೀಗೇ ನಡೆಯಿತು. ನೋಡುತ್ತಿದ್ದ ಸ್ಟಿಗ್ಲರ್‌ಗೆ ಬೆವರು. ಈಗ ಹುಡುಗ ಅಳುತ್ತಾನೆ ಅಂತ ಕಾದರು. ಹುಡುಗ ಅಳಲಿಲ್ಲ. ಕೊನೆಗೆ ಸರಿಯಾಗಿ ಬರೆದ. ತರಗತಿ ಚಪ್ಪಾಳೆ ತಟ್ಟಿತು.

ನಮ್ಮಲ್ಲಿ ಬೋರ್ಡಿಗೆ ಕರೆದರೆ ಅರ್ಥ ಏನು? ಒಂದೋ ಜಾಣ, ಇಲ್ಲವೋ ಶಿಕ್ಷೆ. ಇಂಗ್ಲಿಷ್ ಪಾಠ ಓದಲು ಎದ್ದು ನಿಂತ ಹುಡುಗ ಒಂದು ಶಬ್ದ ತಪ್ಪಿದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಸರಿಯಾಗಿ ಓದಿದರೆ? ಆಗಲೂ ನಗು. 'ಏನ್ಲೇ, ಟುಸ್ ಪುಸ್ ಶುರು ಮಾಡಿದಿ' ಅಂತ. ತಪ್ಪಿದರೂ ನಗು, ಒಪ್ಪಿದರೂ ನಗು ಆದರೆ ಬಾಯಿ ಬಿಡುವವರು ಯಾರು? 'ನಗ್ತಾರೆ ಸರ್' ಅನ್ನುವ ಕಾರಣ ಯಾವ ಡಬ್ಬಿಯಲ್ಲೂ ನೇರವಾಗಿ ಕೂರುವುದಿಲ್ಲ. ನಮ್ಮ ಭಾಗದಲ್ಲಿ ಅದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ.

ಹಾಗಂತ ಬುದ್ಧಿಯ ಮಾತು ಬಿಟ್ಟು ಬರೀ ಶ್ರಮದ ಮಾತು ಹೇಳಿ ಅಂತ ನಾನು ಹೇಳಿದರೆ ಅದೂ ಅನ್ಯಾಯ. ಮೇಷ್ಟ್ರೇ ಇಲ್ಲದ ಶಾಲೆಯಿಂದ ಬಂದ ಮಗುವಿಗೆ 'ನಿನ್ನ ಪ್ರಯತ್ನ ಸಾಲದು' ಅನ್ನುವುದು ಕ್ರೂರ. ಒಣಗಿದ ಬಾವಿಗೆ ಇಳಿಸಿ ಈಜು ಅಂದ ಹಾಗೆ. 'ಕೈ ಕೆಸರಾದರೆ ಬಾಯಿ ಮೊಸರು' ಅನ್ನುವ ಊರಲ್ಲೇ 'ಹಣೆಬರಹಕ್ಕೆ ಹೊಣೆ ಯಾರು' ಅನ್ನುವ ಮಾತೂ ಇದೆ. ಹಿರಿಯರಿಗೆ ಯಾವುದು ಯಾವಾಗ ಅಂತ ಗೊತ್ತಿತ್ತು. ಮೊದಲನೆಯದು ಪರೀಕ್ಷೆಗೆ ಮುಂಚೆ ಹೇಳುವುದು. ಎರಡನೆಯದು ರಿಸಲ್ಟ್ ಬಂದ ಮೇಲೆ, ಅಳುವ ಮಗುವಿನ ತಲೆ ಸವರುತ್ತ ಹೇಳುವುದು. ನಾವು ಶಿಕ್ಷಕರು ಎಷ್ಟೋ ಸಲ ಇದನ್ನು ಹಿಂದುಮುಂದು ಮಾಡುತ್ತೇವೆ.

ನಾನೂ ಮಾಡಿದ್ದೇನೆ. ಒಬ್ಬ ಹುಡುಗ ಮೂರನೇ ಸಲವೂ ಇಂಗ್ಲಿಷಿನಲ್ಲಿ ಹೋದ. ಸಮಾಧಾನ ಮಾಡಬೇಕು ಅಂತ ಹೆಗಲ ಮೇಲೆ ಕೈಹಾಕಿ ಹೇಳಿದೆ: "ಹೋಗ್ಲಿ ಬಿಡಪ್ಪ, ಎಲ್ಲರಿಗೂ ಎಲ್ಲಾನೂ ಬರಲ್ಲ." ಪ್ರೀತಿಯಿಂದಲೇ ಹೇಳಿದ್ದು. ಅವನಿಗೆ ನಿಜಕ್ಕೂ ಹಗುರವಾಯಿತು. ಎಷ್ಟು ಹಗುರವಾಯಿತು ಅಂದರೆ ಮುಂದೆ ಆ ಪೇಪರಿಗೆ ಫೀಸೇ ಕಟ್ಟಲಿಲ್ಲ. ಹೊಗಳುವಾಗಲೂ ಇದೇ ಎಡವಟ್ಟು. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಅನ್ನುವ ಮನಃಶಾಸ್ತ್ರಜ್ಞೆಯರು 1998ರಲ್ಲಿ ತೋರಿಸಿದರು: 'ನೀನು ಬುದ್ಧಿವಂತ' ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಸಮಸ್ಯೆ ಎದುರಾದಾಗ ಬೇಗ ಕುಸಿದರು. 'ಚೆನ್ನಾಗಿ ಶ್ರಮಪಟ್ಟೆ' ಅನ್ನಿಸಿಕೊಂಡವರು ನಿಭಾಯಿಸಿದರು. ನಾವೋ, 'ಭಾರಿ ಶಾಣ್ಯಾ ಅದಾನ್ರೀ' ಅಂತ ಮಗುವಿನ ಮುಂದೆಯೇ ಹೇಳುತ್ತೇವೆ.

ಈಗ ನಾನು ತರಗತಿಯಲ್ಲಿ ಒಂದು ಕೆಲಸ ಮಾಡುತ್ತೇನೆ. ಯಾರಿಗಾದರೂ ಅಂಕ ಚೆನ್ನಾಗಿ ಬಂದರೆ 'ಯಾಕೆ ಬಂತು' ಅಂತ ಕೇಳುವುದಿಲ್ಲ. ಕೇಳಿದರೆ ಆಶೀರ್ವಾದ ಅನ್ನುವ ಉತ್ತರ ಬರುತ್ತದೆ, ಅದು ಮರ್ಯಾದೆಯ ಮಾತು. 'ರಾತ್ರಿ ಊಟ ಆದ ಮೇಲೆ ಏನು ಮಾಡ್ತಿದ್ದೆ?' ಅಂತ ಕೇಳುತ್ತೇನೆ. ಆಗ ಜಂಬ ಕೊಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ, ಮಾಡಿದ್ದನ್ನು ಹೇಳಿದರೆ ಸಾಕು. ನೋಟ್‌ಬುಕ್ಕುಗಳು ಹೊರಗೆ ಬರುತ್ತವೆ. ಒಬ್ಬ ಕ್ರಿಕೆಟ್ ಕಾಮೆಂಟರಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಒಬ್ಬಳು ಎಮ್ಮೆ ಹಾಲು ಕರೆಯುವಾಗ ಎಮ್ಮೆಗೆ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಿದ್ದಳು. ಎಮ್ಮೆ ನಗುವುದಿಲ್ಲವಲ್ಲ! ಇದನ್ನೆಲ್ಲ ಹಿಂದಿನ ಬೆಂಚು ಕೇಳಿಸಿಕೊಳ್ಳುತ್ತದೆ. ಅಲ್ಲಿ ಕೂತವನಿಗೆ ತಾನು ಮಾಡಬಹುದಾದ ಏನೋ ಒಂದು ಕಾಣುತ್ತದೆ.

ಇಲ್ಲಿಗೆ ಮುಗಿಸಿ ಕೂತೆ. ಪ್ರಶ್ನೆ ಇದ್ದರೆ ಕೇಳಿ ಅಂದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. "ಎಲ್ಲಾ ಸರಿ ಸರ್. ನೀವೂ ಹಳ್ಳಿಯವರಂತೆ. ನಿಮಗೆ ಇಂಗ್ಲಿಷ್ ಹೆಂಗೆ ಬಂತು?"

"ಅಯ್ಯೋ, ನಮ್ಮ ಮೇಷ್ಟ್ರು ದೊಡ್ಡ ಪುಣ್ಯಾತ್ಮರಮ್ಮ, ಎಲ್ಲಾ ಅವರ ದಯೆ" ಅಂದೆ.

ಸಭೆ ಗೊಳ್ಳೆಂದಿತು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ತಾಯಿ ಮಾತ್ರ ಕೂರಲಿಲ್ಲ. "ಅದಿರ್ಲಿ ಸರ್. ರಾತ್ರಿ ಊಟ ಆದ ಮೇಲೆ ಏನು ಮಾಡ್ತಿದ್ರಿ?"

ಗೊಬ್ಬರದ ಚೀಲಗಳ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಲಾಟೀನು ಬೆಳಕಿನಲ್ಲಿ ನೋಡಿ ನೋಡಿ ಬರೆಯುತ್ತಿದ್ದೆ. ಅಪ್ಪ ಚೀಲ ಬಿಚ್ಚಿ ಹೊದಿಕೆ ಮಾಡಿದ ಮೇಲೂ ಅದರ ಮೇಲಿನ ಶಬ್ದಗಳನ್ನು ಮಲಗಿಕೊಂಡೇ ಓದುತ್ತಿದ್ದೆ. ಅದನ್ನು ಹೇಳಲು ಹೊರಟೆ. ಬಾಯಿಗೆ ಬಂದ ಮೊದಲ ಮಾತು, "ಏನಿಲ್ಲಮ್ಮ, ಸುಮ್ನೆ..."